ಎಕರೆ, ಗುಂಟೆ, ಸರ್ವೆ ನಂಬರ್ ಮತ್ತು ಪೈಡ್ಯಾಂಟಿಕ್ 2

ಪೈಥಾನ್‌ನಲ್ಲಿ ಕೆಲಸ ಮಾಡುವವರಿಗೆ ಪೈಡ್ಯಾಂಟಿಕ್ ಹೊಸ ಹೆಸರಲ್ಲ. ಸ್ಯಾಮ್ಯುಯೆಲ್ ಕಾಲ್ವಿನ್ ಅವರ ಈ ಲೈಬ್ರರಿ ಹೊರಗೆ ಬಂದದ್ದು 2017ರಲ್ಲಿ. ವೆಬ್ ಸರ್ವರ್ ಬರೆಯಲು ಫಾಸ್ಟ್‌ಎಪಿಐ ಬಳಸಿದವರೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಇದನ್ನೂ ಬಳಸಿರುತ್ತಾರೆ. ಇದರ ವಿಮರ್ಶೆಗಳೂ ಬೇಕಾದಷ್ಟಿವೆ. ಆದರೆ ಬಹುಪಾಲು ವೆಬ್ ಸರ್ವರ್ ಬರೆಯುವವರು ಬರೆದವು. ಅಲ್ಲಿ ಒಂದು ಕಂಪ್ಯೂಟರ್ ಕಳಿಸಿದ್ದನ್ನು ಇನ್ನೊಂದು ಕಂಪ್ಯೂಟರ್ ಓದುತ್ತದೆ. ನನ್ನ ಕೆಲಸ ಬೇರೆ ಥರದ್ದು. ಮಂಡ್ಯದ ನೂರಡಿ ರಸ್ತೆಯ ಹತ್ತಿರ ನಮ್ಮದೊಂದು ಸಣ್ಣ ಆಫೀಸು. ಕಬ್ಬು ಬೆಳೆಗಾರರ ಸಂಘಗಳಿಗೆ, ರೈತ ಉತ್ಪಾದಕ ಕಂಪನಿಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತೇವೆ: ಸದಸ್ಯರ ಪಟ್ಟಿ, ಜಮೀನು, ನಾಟಿ, ಕಟಾವು, ತೂಕ, ಪಾವತಿ. ನಮಗೆ ಬರುವ ಮಾಹಿತಿಯನ್ನು ಮನುಷ್ಯರು ಬರೆದಿರುತ್ತಾರೆ. ಪಹಣಿ ನೋಡಿ ಒಬ್ಬರು, ಹಳೇ ರಿಜಿಸ್ಟರ್ ನೋಡಿ ಒಬ್ಬರು, ಗದ್ದೆ ಬದುವಿನ ಮೇಲೆ ನಿಂತು ಮೊಬೈಲ್‌ನಲ್ಲಿ ಒಬ್ಬರು. ಎಲ್ಲವೂ ಕೊನೆಗೆ ಸ್ಪ್ರೆಡ್‌ಶೀಟ್ ಆಗಿ ನಮ್ಮ ಮೇಜಿಗೆ ಬರುತ್ತದೆ. ಅಂಥ ಮಾಹಿತಿಗೆ ಈ ಲೈಬ್ರರಿ ಎಷ್ಟು ಒಗ್ಗುತ್ತದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನೀವು ಒಂದು ಕ್ಲಾಸ್ ಬರೆಯುತ್ತೀರಿ. ಅದರ ಒಂದೊಂದು ಫೀಲ್ಡ್‌ಗೂ ಟೈಪ್ ಹೇಳುತ್ತೀರಿ. ಇದು ಪೂರ್ಣಾಂಕ, ಇದು ದಿನಾಂಕ, ಇದು ಹೌದು-ಇಲ್ಲ ಅಂತ. ಹೊರಗಿನಿಂದ ಬಂದ ಬೆಲೆಗಳನ್ನು (ಹಣವಲ್ಲ, ‘ವ್ಯಾಲ್ಯೂ’ ಅನ್ನುವ ಅರ್ಥದಲ್ಲಿ) ಆ ಕ್ಲಾಸ್‌ಗೆ ಕೊಟ್ಟಾಗ ಪೈಡ್ಯಾಂಟಿಕ್ ಪ್ರತಿಯೊಂದನ್ನೂ ಹೇಳಿದ ಟೈಪ್‌ಗೆ ಬದಲಾಯಿಸುತ್ತದೆ. ಆಗದಿದ್ದರೆ ಯಾವ ಫೀಲ್ಡ್‌ನಲ್ಲಿ, ಏನು ಬಂದಿತ್ತು, ಯಾಕೆ ಆಗಲಿಲ್ಲ ಅಂತ ಹೇಳಿ ನಿಲ್ಲುತ್ತದೆ. 2ನೇ ಆವೃತ್ತಿ 2023ರ ಜೂನ್ 30ರಂದು ಬಂತು. ಒಳಗಿನ ಪರಿವರ್ತನೆಯ ಕೆಲಸವನ್ನೆಲ್ಲ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದರು. ವೇಗ ಹೆಚ್ಚಾಯಿತು, ನಿಜ. ನಮ್ಮಂಥ ಕೆಲಸಕ್ಕೆ ಅದು ಅಷ್ಟೇನೂ ಮುಖ್ಯವಲ್ಲ. ನನಗೆ ಮುಖ್ಯವಾದದ್ದು, ಅದೇ ಸಮಯದಲ್ಲಿ ಪರಿವರ್ತನೆಯ ನಿಯಮಗಳನ್ನೂ ಅವರು ಬಿಗಿ ಮಾಡಿದ್ದು. ಈ ಲೈಬ್ರರಿಯನ್ನು ನಾನು ಮೆಚ್ಚುವುದು ಅದು ‘ಆಗಲ್ಲ’ ಅನ್ನುವ ಜಾಗಗಳಿಗಾಗಿ.

ಜಮೀನಿನ ವಿಸ್ತೀರ್ಣದಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಕಾಲಂ ಅದೇ.

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಒಬ್ಬರು 2-20 ಅಂತ ಬರೆಯುತ್ತಾರೆ, ಇನ್ನೊಬ್ಬರು 2.20 ಅಂತ. ಎರಡನೆಯದು ಸ್ಪ್ರೆಡ್‌ಶೀಟ್‌ನ ಮನೆಯೊಳಗೆ ಬಿದ್ದ ತಕ್ಷಣ ದಶಮಾಂಶ ಸಂಖ್ಯೆಯಾಗುತ್ತದೆ, ಕೊನೆಯ ಸೊನ್ನೆ ಉದುರಿ 2.2 ಆಗುತ್ತದೆ. ಯಾವುದೇ ಪ್ರೋಗ್ರಾಂ ಅದನ್ನು 2.2 ಎಕರೆ ಅಂತಲೇ ಓದುತ್ತದೆ, ಅಂದರೆ 88 ಗುಂಟೆ. ನಿಜವಾದ ಜಮೀನು 100 ಗುಂಟೆ. ಹನ್ನೆರಡು ಗುಂಟೆ, ಅಂದರೆ 13,068 ಚದರಡಿ, ಯಾವ ದೋಷಸೂಚನೆಯೂ ಇಲ್ಲದೆ ಕಾಣೆಯಾಗುತ್ತದೆ. ಇನ್ನೂ ಕೆಟ್ಟದ್ದು ಮುಂದಿದೆ: ಒಮ್ಮೆ 2.2 ಆದ ಮೇಲೆ ಅದು ಎರಡು ಎಕರೆ ಇಪ್ಪತ್ತು ಗುಂಟೆಯೋ ಎರಡು ಎಕರೆ ಎರಡು ಗುಂಟೆಯೋ ಹೇಳಲು ಯಾರಿಂದಲೂ ಆಗುವುದಿಲ್ಲ. ಎಷ್ಟು ಜಾಣತನದ ಕೋಡ್ ಬರೆದರೂ ಹೋದ ಸೊನ್ನೆ ವಾಪಸ್ ಬರುವುದಿಲ್ಲ. ಮದ್ದೂರು ಕಡೆಯ ಸಂಘವೊಂದರ ಕಾರ್ಯದರ್ಶಿ ನಮ್ಮ ಆಫೀಸಿನಲ್ಲಿ ಕೂತು ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದರು: “ಎಕರೆಗೂ ಗುಂಟೆಗೂ ನಡೂಕೆ ಒಂದು ಚುಕ್ಕಿ ಮಡಗ್ತೀವಿ ಕಣವ್ವ, ಅದು ನಿಮ್ಮ ಪಾಯಿಂಟ್ ಅಲ್ಲ.”

ಹಾಗಾಗಿ ನನಗೆ ಬೇಕಿದ್ದದ್ದು ಸಂಖ್ಯೆಯನ್ನು ಕಂಡರೆ ಬೇಡ ಅನ್ನುವ, ಸ್ಟ್ರಿಂಗ್ (ಬರೆದದ್ದು ಬರೆದ ಹಾಗೇ ಇರುವ ಅಕ್ಷರಗಳ ಸಾಲು) ಬಂದರೆ ಮಾತ್ರ ಓದುವ ಒಂದು ಟೈಪ್. ಪೈಡ್ಯಾಂಟಿಕ್‌ನಲ್ಲಿ ಇದನ್ನು ಕಟ್ಟುವುದು ಸುಲಭ. ‘ಬಿಫೋರ್‌ ವ್ಯಾಲಿಡೇಟರ್’ ಅನ್ನುವ ಕೊಂಡಿ ಇದೆ. ಲೈಬ್ರರಿ ತನ್ನ ಪರಿವರ್ತನೆ ಶುರು ಮಾಡುವ ಮೊದಲೇ ನಿಮ್ಮ ಫಂಕ್ಷನ್ ಓಡುತ್ತದೆ. ನಮ್ಮದು ಮೊದಲು ಬಂದದ್ದು ಸ್ಟ್ರಿಂಗೇ ಅಂತ ನೋಡುತ್ತದೆ. ಅಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತದೆ. ಆಮೇಲೆ ಗೆರೆಯೋ ಚುಕ್ಕಿಯೋ ಇದ್ದ ಕಡೆ ಒಡೆಯುತ್ತದೆ. ಗುಂಟೆಯ ಜಾಗದಲ್ಲಿ ಎರಡು ಅಂಕೆ ಇರಲೇಬೇಕು, 40ಕ್ಕಿಂತ ಕಡಿಮೆ ಇರಬೇಕು. 2.45 ಅಂತ ಯಾರಾದರೂ ಬರೆದರೆ ಅವರು ದಶಮಾಂಶದಲ್ಲಿ ಯೋಚಿಸಿದ್ದಾರೆ ಅಂತ ಅಲ್ಲೇ ಸಿಕ್ಕಿಬೀಳುತ್ತದೆ. ಎಲ್ಲ ಸರಿ ಇದ್ದರೆ ಪೂರ್ತಿ ವಿಸ್ತೀರ್ಣವನ್ನು ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತೇವೆ. 2-20 ಅಂದರೆ 1600 ಆಣೆ. ಕೂಡುವುದು ಕಳೆಯುವುದು ಪಾಲು ಮಾಡುವುದು ಎಲ್ಲ ಪೂರ್ಣಾಂಕದಲ್ಲೇ ನಡೆಯುತ್ತದೆ. ಹೊರಗೆ ಬರೆಯುವಾಗ ಸೀರಿಯಲೈಸರ್ ಮತ್ತೆ 2-20 ಅಂತಲೇ ಬರೆಯುತ್ತದೆ; ಆ ಫೈಲನ್ನೇ ಮತ್ತೆ ಓದಿಸಿದರೆ ಅದೇ 1600 ಬರುತ್ತದೆ. ಒಳಗೆ ಹೋದದ್ದು ಹಾಗೇ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಪರಿವರ್ತನೆಯ ಲೈಬ್ರರಿಗೆ ನಾನು ಇಡುವ ಮೊದಲ ಪರೀಕ್ಷೆ ಅದು, ಇದು ಪಾಸಾಗುತ್ತದೆ.

ಇಲ್ಲಿ ಕ್ಲಾಸ್‌ಗಳ ವಿಷಯ ಒಂದು ಹೇಳಬೇಕು. ಪೈಡ್ಯಾಂಟಿಕ್ ಪೂರ್ತಿ ‘ಆಬ್ಜೆಕ್ಟ್ ಓರಿಯೆಂಟೆಡ್’ ಶೈಲಿಯದು. ‘ಹಿಡುವಳಿ’ ಅನ್ನುವ ಮೂಲ ಕ್ಲಾಸ್ ಮಾಡಿ, ‘ಕಬ್ಬಿನ ಹಿಡುವಳಿ’, ‘ಭತ್ತದ ಹಿಡುವಳಿ’ ಅಂತ ಎರಡು ಮಕ್ಕಳ ಕ್ಲಾಸ್ ಮಾಡಿದರೆ ಫೀಲ್ಡ್‌ಗಳೂ ವ್ಯಾಲಿಡೇಟರ್‌ಗಳೂ ಸೆಟ್ಟಿಂಗ್‌ಗಳೂ ತಾವಾಗಿಯೇ ಇಳಿದು ಬರುತ್ತವೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಒಬ್ಬನೇ ರೈತ ಎರಡನ್ನೂ ಬೆಳೆಯುವುದರಿಂದ ನಮಗೆ ಇದು ಬೇಕೇ ಬೇಕು. ಆದರೆ ವಿಸ್ತೀರ್ಣದ ನಿಯಮವನ್ನು ಮೂಲ ಕ್ಲಾಸ್‌ನಲ್ಲಿ ಬರೆಯುವುದು ನನಗೆ ಸರಿ ಕಾಣಲಿಲ್ಲ. ಗುಂಟೆ 40ಕ್ಕಿಂತ ಕಡಿಮೆ ಇರಬೇಕು ಅನ್ನುವುದು ಹಿಡುವಳಿಯ ಗುಣವಲ್ಲ, ವಿಸ್ತೀರ್ಣದ ಗುಣ. ಟೈಪ್‌ಗೆ ನಿಯಮ ಅಂಟಿಸುವ ‘ಅನೋಟೇಟೆಡ್’ ಬಳಸಿ ವಿಸ್ತೀರ್ಣವನ್ನೇ ಒಂದು ಟೈಪ್ ಮಾಡಿ ಹೆಸರಿಟ್ಟುಬಿಟ್ಟರೆ ಸಾಲದ ಅರ್ಜಿಯ ಕ್ಲಾಸ್‌ನಲ್ಲೂ ಬೆಳೆ ವಿಮೆಯ ಕ್ಲಾಸ್‌ನಲ್ಲೂ ಅದನ್ನೇ ಇಡಬಹುದು. ಅವುಗಳ ನಡುವೆ ಯಾವ ನಂಟೂ ಇರಬೇಕಿಲ್ಲ. 2ನೇ ಆವೃತ್ತಿಯ ಅತಿ ಒಳ್ಳೆಯ ಭಾಗ ನನ್ನ ಲೆಕ್ಕದಲ್ಲಿ ಇದೇ.

ಈಗ ಸಾಮಾನ್ಯ ಟೈಪ್‌ಗಳ ಕಡೆ ಬರೋಣ. ಪೈಥಾನ್‌ನ ಸ್ವಂತ ಪರಿವರ್ತನೆಗಳು ಮೇಲೆ ನೋಡಲು ಸರಳ, ಒಳಗೆ ಬಹಳ ಉದಾರ. ಅದರ ಹೌದು-ಇಲ್ಲ ಟೈಪ್ ಆದ ‘ಬೂಲ್’ಗೆ ‘ಇಲ್ಲ’ ಅನ್ನುವ ಸ್ಟ್ರಿಂಗ್ ಕೊಡಿ, ನಿಜ ಅನ್ನುತ್ತದೆ. ‘0’ ಅನ್ನುವ ಸ್ಟ್ರಿಂಗ್ ಕೊಟ್ಟರೂ ನಿಜವೇ, ಯಾಕೆಂದರೆ ಸ್ಟ್ರಿಂಗ್ ಖಾಲಿ ಇಲ್ಲ. ನಮ್ಮಲ್ಲಿ ‘ಕೂಳೆ’ ಅಂತ ಒಂದು ಕಾಲಂ ಇದೆ. ಕಬ್ಬು ಕೂಳೆಯದೋ (ಕಡಿದ ಬುಡದಿಂದ ಮತ್ತೆ ಚಿಗುರಿದ್ದೋ) ಹೊಸ ನಾಟಿಯದೋ ಅಂತ. ಪೈಥಾನ್‌ನ ಬೂಲ್ ನಂಬಿದರೆ ಇಡೀ ಜಿಲ್ಲೆಯ ಕಬ್ಬು ಕೂಳೆ ಆಗಿಬಿಡುತ್ತದೆ. ಪೈಡ್ಯಾಂಟಿಕ್ ಇಲ್ಲಿ ಒಂದು ಚಿಕ್ಕ ಪಟ್ಟಿ ಇಟ್ಟುಕೊಂಡಿದೆ: ಟ್ರೂ-ಫಾಲ್ಸ್, ಯೆಸ್-ನೋ, ಈ ನಾಲ್ಕರ ಮೊದಲ ಅಕ್ಷರಗಳು, ಆನ್-ಆಫ್, ಒಂದು-ಸೊನ್ನೆ. ಅಷ್ಟನ್ನು ಒಪ್ಪುತ್ತದೆ. ಉಳಿದದ್ದಕ್ಕೆ ದೋಷ ಕೊಡುತ್ತದೆ. ‘ಹೌದು’, ‘ಇಲ್ಲ’, ‘ಕೂಳೆ’, ‘ತನಿ’ (ಅಂದರೆ ಹೊಸ ನಾಟಿ) ಇವನ್ನೆಲ್ಲ ಸೇರಿಸುವ ಪಟ್ಟಿ ನಾವೇ ಬರೆದುಕೊಂಡಿದ್ದೇವೆ. ಆ ಪಟ್ಟಿಯಲ್ಲಿ ಇಲ್ಲದ್ದು ಬಂದರೆ ನಮಗೆ ಫೋನ್ ಬರಲಿ, ಪರವಾಗಿಲ್ಲ.

ಪೂರ್ಣಾಂಕದ ವಿಷಯದಲ್ಲಿ ಆವೃತ್ತಿ 1 ಮತ್ತು 2ರ ನಡುವೆ ದೊಡ್ಡ ವ್ಯತ್ಯಾಸವಿದೆ. ಹಳೆಯದು 18.5 ಅನ್ನುವ ಸಂಖ್ಯೆ ಬಂದರೆ ಅರ್ಧವನ್ನು ಕತ್ತರಿಸಿ 18 ಮಾಡಿ ಸುಮ್ಮನಾಗುತ್ತಿತ್ತು. ಹೊಸದು 18.0 ಬಂದರೆ 18 ಮಾಡುತ್ತದೆ, 18.5 ಬಂದರೆ ಒಪ್ಪುವುದಿಲ್ಲ. ಪುಸ್ತಕ ಓದುವಾಗ ಇದು ಚಿಕ್ಕ ವಿಷಯ. ಕೆಲಸದಲ್ಲಿ ಹೀಗೆ ಬರುತ್ತದೆ: ‘ಲೋಡ್ ಎಷ್ಟು’ ಅನ್ನುವ ಕಾಲಂ ಪಕ್ಕದಲ್ಲೇ ‘ಟನ್ ಎಷ್ಟು’ ಅನ್ನುವ ಕಾಲಂ ಇರುತ್ತದೆ. ಆತುರದಲ್ಲಿ ಟನ್ನು ಲೋಡಿನ ಜಾಗಕ್ಕೆ ಹೋಗುತ್ತದೆ. ಹಳೆಯ ನಿಯಮದಲ್ಲಿ ಒಬ್ಬ ರೈತನ ಹೆಸರಿಗೆ ಹದಿನೆಂಟು ಲೋಡ್ ಕಬ್ಬು ಬಿದ್ದಿರುತ್ತದೆ, ಕಣ್ಣಿಗೆ ಅನುಮಾನವೇ ಬರುವುದಿಲ್ಲ. ಹೊಸ ನಿಯಮದಲ್ಲಿ ಅರ್ಧ ಲೋಡ್ ಅಂತ ಒಂದಿಲ್ಲವಾದ್ದರಿಂದ ಕಾಲಂ ಅದಲುಬದಲಾದದ್ದು ಗೊತ್ತಾಗುತ್ತದೆ. ‘1,25,000’ ಅಂತ ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದ ಸ್ಟ್ರಿಂಗ್ ಮಾತ್ರ ಪೈಥಾನೂ ಒಪ್ಪುವುದಿಲ್ಲ, ಪೈಡ್ಯಾಂಟಿಕೂ ಒಪ್ಪುವುದಿಲ್ಲ. ಅದನ್ನು ನಾವೇ ಮೊದಲು ತೆಗೆಯಬೇಕು.

ಸಂಖ್ಯೆಯನ್ನು ಸ್ಟ್ರಿಂಗ್ ಮಾಡುವ ಕಡೆ ಬಂದರೆ ಬಹಳ ಜನ ಈ ಲೈಬ್ರರಿಯನ್ನು ಬೈಯುತ್ತಾರೆ. ನಾನು ಇದರ ಪರ. ಆವೃತ್ತಿ 1ರಲ್ಲಿ ಸ್ಟ್ರಿಂಗ್ ಫೀಲ್ಡ್‌ಗೆ ಸಂಖ್ಯೆ ಬಂದರೆ ತಾನೇ ಸ್ಟ್ರಿಂಗ್ ಮಾಡಿಕೊಳ್ಳುತ್ತಿತ್ತು, 2ರಲ್ಲಿ ದೋಷ. ಕಬ್ಬಿನ ತಳಿಯ ಕಾಲಂ ನೋಡಿ. ಕೋ 86032, ಕೋ 62175, ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲೇ ಬಂದ ವಿಸಿಎಫ್ 0517. ಕೆಲವರು ‘ಕೋ’ ಬಿಟ್ಟು ಬರೀ 86032 ಅಂತ ಹೊಡೆಯುತ್ತಾರೆ, ಅದು ಸಂಖ್ಯೆಯಾಗುತ್ತದೆ. 0517ರ ಗತಿ ಇನ್ನೂ ಕಷ್ಟ, ಸೊನ್ನೆ ಹೋಗಿ 517 ಆಗುತ್ತದೆ. ತಳಿಯ ಕಾಲಂಗೆ ಸಂಖ್ಯೆ ಬಂತು ಅಂದರೆ ಏನೋ ಒಂದು ಆಗಲೇ ಕಳೆದುಹೋಗಿರಬಹುದು ಅಂತ ಅರ್ಥ. ಅದನ್ನು ಮುಚ್ಚಿಹಾಕಿ ಸ್ಟ್ರಿಂಗ್ ಮಾಡಿಕೊಡುವ ಲೈಬ್ರರಿ ನನಗೆ ಬೇಡ. ಮೊಬೈಲ್ ನಂಬರಿನದು ಬೇರೆ ಮಾತು. ನಮ್ಮ ದೇಶದ ಮೊಬೈಲ್ ನಂಬರ್ ಸೊನ್ನೆಯಿಂದ ಶುರುವಾಗುವುದಿಲ್ಲ, ಸಂಖ್ಯೆಯಾಗಿ ಬಂದರೂ ಏನೂ ಕಳೆದಿರುವುದಿಲ್ಲ. ಅಂಥ ಕಡೆಗೆ ‘ಕೊಅರ್ಸ್ ನಂಬರ್ಸ್ ಟು ಸ್ಟ್ರಿಂಗ್’ ಅನ್ನುವ ಸೆಟ್ಟಿಂಗ್ ಕೊಟ್ಟಿದ್ದಾರೆ. ಎಲ್ಲಿ ಸಡಿಲ ಬೇಕೋ ಅಲ್ಲಿ ನಾವೇ ಕೇಳಿ ಪಡೆಯಬೇಕು. ಇದೇ ಸರಿಯಾದ ಕ್ರಮ.

ಸರ್ವೆ ನಂಬರಿನ ಕಥೆಯೂ ಇದರ ಜೊತೆಗೇ ಬರುತ್ತದೆ. ಸರ್ವೆ ನಂಬರ್ 12, ಹಿಸ್ಸಾ 3 ಅನ್ನುವುದನ್ನು 12/3 ಅಂತ ಬರೆಯುತ್ತೇವೆ. ಸ್ಪ್ರೆಡ್‌ಶೀಟ್ ಅದನ್ನು ಮಾರ್ಚ್ 12 ಅಂತ ತಿಳಿದು ದಿನಾಂಕ ಮಾಡಿಬಿಡುತ್ತದೆ. ನಾವು ಫೈಲ್ ಓದುವುದು ಓಪನ್‌ಪೈಎಕ್ಸ್‌ಎಲ್ ಮೂಲಕ. ಅದು ಈ ಮನೆಯನ್ನು ಪೈಥಾನ್‌ನ ಡೇಟ್‌ಟೈಮ್ ವಸ್ತುವಾಗಿಯೇ ಕೈಗೆ ಕೊಡುತ್ತದೆ. ಪೈಥಾನ್‌ನ ಸ್ವಂತ ‘ಎಸ್‌ಟಿಆರ್’ ಹಾಕಿದರೆ ಅದು ವರ್ಷ ತಿಂಗಳು ದಿನ ಗಂಟೆ ನಿಮಿಷ ಎಲ್ಲ ಸೇರಿಸಿ ಒಂದು ಉದ್ದನೆಯ ಸ್ಟ್ರಿಂಗ್ ಮಾಡುತ್ತದೆ, ಅದೇ ಸರ್ವೆ ನಂಬರ್ ಆಗಿ ಡೇಟಾಬೇಸ್‌ಗೆ ಹೋಗುತ್ತದೆ. ಪೈಡ್ಯಾಂಟಿಕ್ ಸ್ಟ್ರಿಂಗ್ ಫೀಲ್ಡ್‌ಗೆ ಡೇಟ್‌ಟೈಮ್ ಬಂದರೆ ಒಪ್ಪುವುದಿಲ್ಲ. ಅಷ್ಟೇ ಸಾಕು, ಆ ಸಾಲು ಕೈಗೆ ಸಿಗುತ್ತದೆ. ಕೆಲವರು ಸರ್ವೆ ನಂಬರಿಗೆ ‘ಪೂರ್ಣಾಂಕ ಅಥವಾ ಸ್ಟ್ರಿಂಗ್’ ಅಂತ ಯೂನಿಯನ್ ಟೈಪ್ ಕೊಡುತ್ತಾರೆ. ಹಳೆಯ ಆವೃತ್ತಿ ಎಡದಿಂದ ಬಲಕ್ಕೆ ಪ್ರಯತ್ನಿಸುತ್ತಿತ್ತು. ‘045’ ಅನ್ನುವ ಸ್ಟ್ರಿಂಗ್ ಬಂದರೆ ಪೂರ್ಣಾಂಕವೇ ಮೊದಲು ಗೆದ್ದು 45 ಆಗುತ್ತಿತ್ತು. ಹೊಸದು ‘ಸ್ಮಾರ್ಟ್’ ಕ್ರಮದಲ್ಲಿ ಬಂದ ಬೆಲೆಗೆ ಟೈಪ್ ಹೇಗಿದೆಯೋ ಹಾಗೇ ಹೊಂದುವುದನ್ನು ಮೊದಲು ಹುಡುಕುತ್ತದೆ. ಸ್ಟ್ರಿಂಗ್ ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ. ಆದರೂ ಸರ್ವೆ ನಂಬರಿಗೆ ಯೂನಿಯನ್ ಯಾಕೆ ಬೇಕು? ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಸ್ಟ್ರಿಂಗ್ ಅಂತಲೇ ಇಡಿ. ಜೊತೆಗೆ ಅಕ್ಕಪಕ್ಕದ ಖಾಲಿ ಜಾಗ ತೆಗೆಯುವ ಸೆಟ್ಟಿಂಗ್ ಹಾಕಿ; ಇಲ್ಲದಿದ್ದರೆ ‘12/3’ ಮತ್ತು ಕೊನೆಗೊಂದು ಖಾಲಿ ಜಾಗ ಇರುವ ‘12/3’ ಎರಡು ಜಮೀನಾಗುತ್ತವೆ.

ದಿನಾಂಕದ ಬಗ್ಗೆ ನನಗೆ ತಕರಾರಿದೆ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಪೈಡ್ಯಾಂಟಿಕ್ ಸ್ಟ್ರಿಂಗ್ ದಿನಾಂಕದಲ್ಲಿ ವರ್ಷ-ತಿಂಗಳು-ದಿನ ಅನ್ನುವ ಐಎಸ್‌ಓ ಕ್ರಮವನ್ನು ಮಾತ್ರ ಒಪ್ಪುತ್ತದೆ. ನಮ್ಮವರು ಬರೆಯುವ 05-04-2024 ಅನ್ನು ತಿರಸ್ಕರಿಸುತ್ತದೆ. ಮೊದಲ ನೋಟಕ್ಕೆ ಕಿರಿಕಿರಿ. ಆದರೆ ಇದು ಏಪ್ರಿಲ್ 5ಓ ಮೇ 4ಓ ಅಂತ ಅದು ಊಹಿಸಲು ಹೋಗುವುದಿಲ್ಲವಲ್ಲ, ಅದು ದೊಡ್ಡದು. ನಾಟಿ ದಿನಾಂಕದ ಮೇಲೆಯೇ ಕಟಾವಿನ ಸರದಿ ನಿಂತಿದೆ. ಒಂದು ತಿಂಗಳು ಹಿಂದೆ ಮುಂದೆ ಆದರೆ ಬಲಿತ ಕಬ್ಬು ಗದ್ದೆಯಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ, ನಷ್ಟ ಆಗುವುದು ರೈತನಿಗೆ. ದಿನ-ತಿಂಗಳು-ವರ್ಷ ಅಂತ ನಮ್ಮ ಕ್ರಮವನ್ನು ಬಿಫೋರ್ ವ್ಯಾಲಿಡೇಟರ್‌ನಲ್ಲಿ ಒಮ್ಮೆ ಸ್ಪಷ್ಟವಾಗಿ ಬರೆದರೆ ಆ ಚಿಂತೆ ಮುಗಿಯಿತು.

ತಕರಾರು ಸಂಖ್ಯೆಯಾಗಿ ಬರುವ ದಿನಾಂಕದ್ದು. ಎಕ್ಸೆಲ್ ದಿನಾಂಕಗಳನ್ನು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ; 1900ರ ಜನವರಿ 1 ಅಂದರೆ 1, 2023ರ ಮಾರ್ಚ್ 15 ಅಂದರೆ 45000. ಮನೆಯ ನಮೂನೆ ‘ದಿನಾಂಕ’ ಅಂತ ಇಲ್ಲದಿದ್ದರೆ ಓಪನ್‌ಪೈಎಕ್ಸ್‌ಎಲ್ ಆ 45000ವನ್ನೇ ಕೊಡುತ್ತದೆ. ಪೈಡ್ಯಾಂಟಿಕ್‌ನ ಡೇಟ್‌ಟೈಮ್ ಫೀಲ್ಡ್ ಯಾವ ಸಂಖ್ಯೆ ಬಂದರೂ ಅದನ್ನು ಯುನಿಕ್ಸ್ ಸಮಯ ಅಂತ ಓದುತ್ತದೆ. 1970ರ ಜನವರಿ 1ರಿಂದ 45000 ಸೆಕೆಂಡ್. ಫಲಿತಾಂಶ: 1970ರ ಜನವರಿ 1, ಮಧ್ಯಾಹ್ನ ಹನ್ನೆರಡೂವರೆ. ದೋಷವಿಲ್ಲ, ಎಚ್ಚರಿಕೆಯಿಲ್ಲ. ಸಂಖ್ಯೆ ಬಹಳ ದೊಡ್ಡದಾಗಿದ್ದರೆ, ಎರಡು ಸಾವಿರ ಕೋಟಿಗಿಂತ ಹೆಚ್ಚಿದ್ದರೆ, ಸೆಕೆಂಡ್ ಬಿಟ್ಟು ಮಿಲಿಸೆಕೆಂಡ್ ಅಂತ ತಾನೇ ನಿರ್ಧರಿಸುತ್ತದೆ. ಪೂರ್ಣಾಂಕದಲ್ಲಿ ಅರ್ಧವನ್ನು ಕತ್ತರಿಸಲು ಒಪ್ಪದ ಲೈಬ್ರರಿ ದಿನಾಂಕದಲ್ಲಿ ಇಷ್ಟು ದೊಡ್ಡ ಊಹೆಗೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಮಾಧಾನದ ವಿಷಯ ಅಂದರೆ, ಬರೀ ‘ಡೇಟ್’ ಅಂತ ಟೈಪ್ ಕೊಟ್ಟರೆ ಗಂಟೆ-ನಿಮಿಷ ಸೊನ್ನೆಯಾಗಿರಬೇಕು ಅನ್ನುವ ನಿಯಮ ಅಡ್ಡ ಬಂದು 45000 ತಿರಸ್ಕಾರವಾಗುತ್ತದೆ. ಗಂಟೆ ಬೇಡದ ಕಡೆ ಡೇಟ್‌ಟೈಮ್ ಬಳಸಬೇಡಿ. ಬೇಕಾದ ಕಡೆ ಸಂಖ್ಯೆಯನ್ನು ಮೊದಲೇ ತಡೆಯಿರಿ, ಅಥವಾ ಆ ಫೀಲ್ಡ್‌ಗೆ ‘ಸ್ಟ್ರಿಕ್ಟ್’ ಹಾಕಿ.

ಸ್ಟ್ರಿಕ್ಟ್ ಅಂದರೆ ಯಾವ ಪರಿವರ್ತನೆಯೂ ಬೇಡ, ಹೇಳಿದ ಟೈಪೇ ಬರಬೇಕು ಅನ್ನುವ ಕ್ರಮ. ಇಡೀ ಕ್ಲಾಸ್‌ಗೂ ಹಾಕಬಹುದು, ಒಂದು ಫೀಲ್ಡ್‌ಗೂ ಹಾಕಬಹುದು. ಸಿಎಸ್‌ವಿ ಫೈಲಿನಲ್ಲಿ ಎಲ್ಲವೂ ಸ್ಟ್ರಿಂಗ್ ಆಗಿಯೇ ಬರುವುದರಿಂದ ಅಲ್ಲಿ ಇಡೀ ಕ್ಲಾಸ್‌ಗೆ ಹಾಕಿದರೆ ಒಂದು ಸಾಲೂ ದಾಟುವುದಿಲ್ಲ. ಫೀಲ್ಡ್ ನೋಡಿ ಹಾಕಿ.

ತೂಕ ಮತ್ತು ಹಣ ಎರಡಕ್ಕೂ ನಾವು ‘ಡೆಸಿಮಲ್’ ಬಳಸುತ್ತೇವೆ. ವೇಬ್ರಿಡ್ಜ್ ಚೀಟಿಯಲ್ಲಿ 18.450 ಟನ್ ಅಂತ ಬರುತ್ತದೆ. ಪೈಥಾನ್‌ನ ಡೆಸಿಮಲ್‌ಗೆ ನೇರವಾಗಿ 4.1 ಅನ್ನುವ ಫ್ಲೋಟ್ (ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಸಂಖ್ಯೆ) ಕೊಟ್ಟರೆ 4.0999999999999996 ಅಂತ ಶುರುವಾಗಿ ಉದ್ದಕ್ಕೆ ಹೋಗುತ್ತದೆ, ಯಾಕೆಂದರೆ ಫ್ಲೋಟ್‌ನ ಒಳಗೆ ಇರುವುದೇ ಅದು. ಪೈಡ್ಯಾಂಟಿಕ್ ಫ್ಲೋಟನ್ನು ಮೊದಲು ಸ್ಟ್ರಿಂಗ್ ಮಾಡಿ ಆಮೇಲೆ ಡೆಸಿಮಲ್ ಮಾಡುತ್ತದೆ, 4.1 ಅನ್ನುವುದು 4.1 ಆಗಿಯೇ ಬರುತ್ತದೆ. ಬರೆದ ಮನುಷ್ಯನ ಮನಸ್ಸಿನಲ್ಲಿ ಇದ್ದದ್ದು ಅದೇ ತಾನೆ. ದಶಮಾಂಶದ ನಂತರ ಎಷ್ಟು ಅಂಕೆ ಇರಬಹುದು ಅಂತಲೂ ಹೇಳಬಹುದು. ತೂಕಕ್ಕೆ ಮೂರು, ಹಣಕ್ಕೆ ಎರಡು. ಸ್ಟ್ರಿಂಗ್ ಆಗಿ ಬಂದರೆ ಕೊನೆಯ ಸೊನ್ನೆಯೂ ಉಳಿಯುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟವನ್ನು 124.80 ಅಡಿ ಅಂತಲೇ ಓದಿ ಬೆಳೆದ ಊರು ನಮ್ಮದು. ಪರದೆಯ ಮೇಲೆ 124.8 ಅಂತ ಬಂದರೆ ಇಲ್ಲಿಯವರ ಕಣ್ಣಿಗೆ ಏನೋ ಬಿಟ್ಟುಹೋದ ಹಾಗೆ ಕಾಣುತ್ತದೆ. ಫ್ಲೋಟ್ ಬಳಸಲೇಬೇಕಾದವರು ಒಂದು ಗಮನಿಸಿ: ‘ನ್ಯಾನ್’ (‘ಇದು ಸಂಖ್ಯೆಯಲ್ಲ’ ಅನ್ನುವ ಗುರುತು) ಮತ್ತು ಅನಂತ, ಎರಡನ್ನೂ ಅದು ಡಿಫಾಲ್ಟ್ ಆಗಿ ಒಳಗೆ ಬಿಡುತ್ತದೆ. ಪಾಂಡಾಸ್ ಅನ್ನುವ ಲೈಬ್ರರಿಯ ಮೂಲಕ ಫೈಲ್ ಓದಿದರೆ ಖಾಲಿ ಮನೆಗಳು ನ್ಯಾನ್ ಆಗಿ ಬಂದು ಸಲೀಸಾಗಿ ದಾಟಿಹೋಗುತ್ತವೆ. ತಡೆಯಲು ಸೆಟ್ಟಿಂಗ್ ಇದೆ, ಹಾಕಿಕೊಳ್ಳಿ. ಡೆಸಿಮಲ್ ತಾನಾಗಿಯೇ ತಡೆಯುತ್ತದೆ.

ಕನ್ನಡ ಅಂಕೆಗಳ ವಿಷಯಕ್ಕೆ ಬರುತ್ತೇನೆ. ಇದನ್ನು ಬೇರೆ ಯಾವ ವಿಮರ್ಶೆಯಲ್ಲೂ ನೀವು ಓದಿರಲಾರಿರಿ. ನಮ್ಮ ಹಳ್ಳಿಗಳ ರಿಜಿಸ್ಟರ್‌ಗಳಲ್ಲಿ ೧, ೨, ೩ ಇನ್ನೂ ಬದುಕಿವೆ. ಪೈಥಾನ್‌ನ ‘ಇಂಟ್’ಗೆ ‘೧೨೩’ ಅನ್ನುವ ಸ್ಟ್ರಿಂಗ್ ಕೊಡಿ, 123 ಅಂತ ಸರಿಯಾಗಿ ಓದುತ್ತದೆ. ಯೂನಿಕೋಡ್ ಯಾವ ಅಕ್ಷರಗಳನ್ನು ದಶಮಾನ ಅಂಕೆ ಅಂತ ಗುರುತಿಸಿದೆಯೋ ಅವೆಲ್ಲ ಅದಕ್ಕೆ ಗೊತ್ತು. ಪೈಡ್ಯಾಂಟಿಕ್‌ನ ಹಳೆಯ ಆವೃತ್ತಿ ಪೈಥಾನ್‌ನ ಇಂಟನ್ನೇ ಕರೆಯುತ್ತಿದ್ದರಿಂದ ಅದರಲ್ಲೂ ಇದು ನಡೆಯುತ್ತಿತ್ತು. 2ನೇ ಆವೃತ್ತಿಯಲ್ಲಿ ಸ್ಟ್ರಿಂಗ್‌ನಿಂದ ಪೂರ್ಣಾಂಕ ಓದುವ ಕೆಲಸ ರಸ್ಟ್‌ಗೆ ಹೋಯಿತು, ರಸ್ಟ್‌ಗೆ 0ಯಿಂದ 9 ಮಾತ್ರ ಗೊತ್ತು. ‘೧೨೩’ ದೋಷವಾಗುತ್ತದೆ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ಮೇಲೆ ಹೇಳಿದ ತಿರಸ್ಕಾರಗಳಲ್ಲೆಲ್ಲ ಕಾರಣವಿತ್ತು, ಬೆಲೆಯಲ್ಲಿ ಅನುಮಾನವಿತ್ತು. ‘೧೨೩’ರಲ್ಲಿ ಯಾವ ಅನುಮಾನವೂ ಇಲ್ಲ. ಪರಿಹಾರ ಕಷ್ಟದ್ದಲ್ಲ: ಹತ್ತು ಅಂಕೆಗಳ ಬದಲಿ ಪಟ್ಟಿಯೊಂದನ್ನು ಮಾಡಿ, ಸ್ಟ್ರಿಂಗ್‌ನ ‘ಟ್ರಾನ್ಸ್‌ಲೇಟ್’ ಮೂಲಕ ಬಿಫೋರ್ ವ್ಯಾಲಿಡೇಟರ್‌ನಲ್ಲಿ ಓಡಿಸಿದರೆ ಆಯಿತು. ಆ ಪಟ್ಟಿಗೆ ಒಂದನ್ನು ಸೇರಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕೆಲವರು ‘೦’ ಬದಲಿಗೆ ಅನುಸ್ವಾರ ‘ಂ’ ಒತ್ತಿರುತ್ತಾರೆ, ನೋಡಲು ಒಂದೇ ಥರ. ಅದನ್ನೂ ಸೊನ್ನೆ ಮಾಡಿಬಿಡೋಣ ಅನ್ನಿಸುತ್ತದೆ. ಅನುಸ್ವಾರ ಬಂದಿದೆ ಅಂದರೆ ಬೆರಳಚ್ಚಿನಲ್ಲಿ ಬೇರೆ ತಪ್ಪೂ ಇರಬಹುದು. ವಾಪಸ್ ಕಳಿಸಿ ಕೇಳುವುದೇ ಮೇಲು. ಇನ್ನು ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಹೆಸರುಗಳು ಯೂನಿಕೋಡ್ ಅಲ್ಲ. ಅವನ್ನು ಮೊದಲೇ ಬೇರೆ ಪರಿವರ್ತಕದಲ್ಲಿ ಹಾಯಿಸಿ ತನ್ನಿ, ಇಲ್ಲಿ ಅದಕ್ಕೆ ದಾರಿಯಿಲ್ಲ.

ದೋಷ ಹೇಳುವ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ಮೊದಲ ತಪ್ಪು ಸಿಕ್ಕ ಕೂಡಲೇ ಅದು ಕೈ ಚೆಲ್ಲುವುದಿಲ್ಲ. ಎಲ್ಲ ಫೀಲ್ಡ್‌ಗಳನ್ನೂ ನೋಡಿ ಎಲ್ಲ ತಪ್ಪನ್ನೂ ಒಟ್ಟಿಗೆ ಕೊಡುತ್ತದೆ. ‘ಟೈಪ್ ಅಡಾಪ್ಟರ್’ಗೆ ಸಾಲುಗಳ ಪಟ್ಟಿಯನ್ನೇ ಕೊಟ್ಟರೆ ಎಷ್ಟನೇ ಸಾಲು ಅನ್ನುವುದೂ ದೋಷದಲ್ಲೇ ಬರುತ್ತದೆ. ಎಣಿಕೆ ಸೊನ್ನೆಯಿಂದ, ಸ್ಪ್ರೆಡ್‌ಶೀಟ್‌ನಲ್ಲಿ ಮೊದಲ ಸಾಲು ತಲೆಬರಹ, ಆದ್ದರಿಂದ ಎರಡು ಕೂಡಿಸಿ ತೋರಿಸಬೇಕು. ಸಂದೇಶಗಳು ಇಂಗ್ಲಿಷ್‌ನಲ್ಲಿವೆ. ಆದರೆ ಪ್ರತಿ ದೋಷಕ್ಕೂ ಬದಲಾಗದ ಒಂದು ಗುರುತು ಹೆಸರಿದೆ. ಫೀಲ್ಡ್ ಬಂದೇ ಇಲ್ಲ ಅನ್ನುವುದಕ್ಕೆ ‘ಮಿಸ್ಸಿಂಗ್’, ಸ್ಟ್ರಿಂಗನ್ನು ಪೂರ್ಣಾಂಕ ಮಾಡಲಾಗಲಿಲ್ಲ ಅನ್ನುವುದಕ್ಕೆ ‘ಇಂಟ್ ಪಾರ್ಸಿಂಗ್’ ಹೀಗೆ. ಆ ಗುರುತುಗಳ ಎದುರಿಗೆ ಕನ್ನಡ ವಾಕ್ಯ ಬರೆದ ಪಟ್ಟಿ ಇಟ್ಟುಕೊಂಡರೆ ಪೂರ್ತಿ ವರದಿ ಕನ್ನಡದಲ್ಲೇ ಬರುತ್ತದೆ. ನಿಮ್ಮದೇ ವ್ಯಾಲಿಡೇಟರ್‌ನಲ್ಲಿ ‘ವ್ಯಾಲ್ಯೂ ಎರರ್’ ಎಸೆದರೆ ನಿಮ್ಮ ಕನ್ನಡ ವಾಕ್ಯದ ಮುಂದೆ ಆ ಇಂಗ್ಲಿಷ್ ಪದ ಅಂಟಿಕೊಳ್ಳುತ್ತದೆ. ಅದರ ಬದಲು ‘ಪೈಡ್ಯಾಂಟಿಕ್ ಕಸ್ಟಮ್ ಎರರ್’ ಬಳಸಿದರೆ ನೀವು ಬರೆದದ್ದಷ್ಟೇ ಬರುತ್ತದೆ. ನಮ್ಮ ವರದಿ ಹೀಗೆ ಓದುತ್ತದೆ: ‘14ನೇ ಸಾಲು, ವಿಸ್ತೀರ್ಣ: 2.2 ಅಂತ ಬಂದಿದೆ. ಪಹಣಿ ನೋಡಿ ಎಕರೆ-ಗುಂಟೆ ಮತ್ತೆ ಬರೆಯಿರಿ.’ ಮದ್ದೂರಿನ ಅದೇ ಕಾರ್ಯದರ್ಶಿ ಈಗ ವರದಿಯನ್ನು ತಾವೇ ಮುದ್ರಿಸಿಕೊಂಡು ಹೋಗುತ್ತಾರೆ. “ಎಲ್ಲಿ ತಪ್ಪೈತೆ ಅಂತ ನಂಗೇ ಕಾಣ್ತದೆ, ನಿನ್ನ ಕೇಳೋಕೆ ಬರಂಗಿಲ್ಲ ಕಣವ್ವ” ಅಂದರು.

ಕೊಳ್ಳುವ ಮೊದಲು ತಿಳಿಯಬೇಕಾದ ಎರಡು ಕೊರತೆ. ಕೊಳ್ಳುವುದು ಅನ್ನುವುದು ಮಾತಿಗೆ, ಇದು ಎಂಐಟಿ ಪರವಾನಗಿಯ ಉಚಿತ ಲೈಬ್ರರಿ. ಮೊದಲನೆಯದು: ಪರಿಶೀಲನೆ ನಡೆಯುವುದು ವಸ್ತು ಹುಟ್ಟುವಾಗ ಮಾತ್ರ. ಹುಟ್ಟಿದ ಮೇಲೆ ಅದರ ಫೀಲ್ಡ್‌ಗೆ ನೀವು ಏನು ಬೇಕಾದರೂ ತುಂಬಬಹುದು, ಪೂರ್ಣಾಂಕದ ಜಾಗದಲ್ಲಿ ‘ಆರು’ ಅನ್ನುವ ಸ್ಟ್ರಿಂಗನ್ನೂ. ‘ವ್ಯಾಲಿಡೇಟ್ ಅಸೈನ್‌ಮೆಂಟ್’ ಅನ್ನುವುದನ್ನು ನಾವೇ ಆನ್ ಮಾಡಬೇಕು. ಎರಡನೆಯದು: ಡಿಫಾಲ್ಟ್ ಬೆಲೆಗಳನ್ನೂ ಅದು ತಾನಾಗಿ ಪರಿಶೀಲಿಸುವುದಿಲ್ಲ. ಎರಡೂ ದಸ್ತಾವೇಜಿನಲ್ಲಿ ಬರೆದಿವೆ. ಹೊಸಬರ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ ಅನ್ನುವುದೇ ನನ್ನ ದೂರು.

ಬೇರೆ ದಾರಿಗಳೂ ಇವೆ. ಪೈಥಾನ್‌ನ ಜೊತೆಗೇ ಬರುವ ‘ಡೇಟಾಕ್ಲಾಸ್’ ಟೈಪ್ ಬರೆಸಿಕೊಳ್ಳುತ್ತದೆ ಅಷ್ಟೇ, ಬದಲಾಯಿಸುವುದೂ ಇಲ್ಲ ಪರಿಶೀಲಿಸುವುದೂ ಇಲ್ಲ. ‘ಆಟ್ರ್ಸ್’ನಲ್ಲಿ ಪ್ರತಿ ಫೀಲ್ಡ್‌ಗೂ ಪರಿವರ್ತಕ ಫಂಕ್ಷನ್ ಕೊಡಬಹುದು; ಎಲ್ಲವನ್ನೂ ನೀವೇ ಬರೆಯುವ ತಾಳ್ಮೆ ಇದ್ದರೆ ಶುದ್ಧವಾದ ದಾರಿ. ‘ಮಾರ್ಷ್‌ಮ್ಯಾಲೋ’ದಲ್ಲಿ ಸ್ಕೀಮಾ ಬೇರೆ, ನಿಮ್ಮ ಕ್ಲಾಸ್ ಬೇರೆ. ನಮ್ಮಂಥ ಪುಟ್ಟ ಆಫೀಸಿನಲ್ಲಿ ಒಂದೇ ವಿಷಯವನ್ನು ಎರಡು ಕಡೆ ಬರೆದರೆ ಒಂದು ಕಡೆ ಬದಲಾಯಿಸಲು ಮರೆಯುವುದು ಖಂಡಿತ. ಹಾಗಾಗಿ ನಮಗೆ ಪೈಡ್ಯಾಂಟಿಕೇ.

ಇನ್ನೂ 1ನೇ ಆವೃತ್ತಿಯಲ್ಲಿ ಇರುವವರಿಗೆ: ಈಗಲೇ ಬನ್ನಿ. 2ರ ಒಳಗೆ ‘ವಿ1’ ಅನ್ನುವ ಹೆಸರಿನಲ್ಲಿ ಹಳೆಯದನ್ನೂ ಇಟ್ಟಿದ್ದಾರೆ, ಒಂದೊಂದೇ ಫೈಲ್ ದಾಟಿಸಬಹುದು. ಆದರೆ ಪೈಥಾನ್ 3.14ರಿಂದ ಆ ಹಳೆಯ ಭಾಗ ಹೊಂದುವುದಿಲ್ಲ. ಹೆಸರು ಬದಲಾದ ಮೆಥಡ್‌ಗಳನ್ನು ತಿದ್ದಲು ‘ಬಂಪ್ ಪೈಡ್ಯಾಂಟಿಕ್’ ಅನ್ನುವ ಉಪಕರಣವಿದೆ. ಅರ್ಥ ಬದಲಾದವುಗಳನ್ನು ಮಾತ್ರ ಕೈಯಿಂದಲೇ ನೋಡಬೇಕು. ಅವುಗಳಲ್ಲಿ ಮೊದಲಿಗೆ ‘ಆಪ್ಷನಲ್’ ಅಂತ ಬರೆದ ಫೀಲ್ಡ್‌ಗಳನ್ನು ಹುಡುಕಿ: ಹಿಂದೆ ಹಾಗೆ ಬರೆದರೆ ಡಿಫಾಲ್ಟ್ ಆಗಿ ಖಾಲಿ ಅಂತ ತಾನೇ ತುಂಬಿಕೊಳ್ಳುತ್ತಿತ್ತು, ಈಗ ಖಾಲಿ ಬೆಲೆ ಬರಬಹುದು ಅಂತಷ್ಟೇ ಅರ್ಥ, ಫೀಲ್ಡ್ ಬರಲೇಬೇಕು. ಎರಡನೇ ಫೋನ್ ನಂಬರ್, ಇ-ಮೇಲ್, ಹಿಸ್ಸಾ ಇಲ್ಲದ ಸರ್ವೆ ನಂಬರ್ ಇಂಥ ಕಾಲಂಗಳಿಗೆಲ್ಲ ‘ನನ್’ (None, ಅಂದರೆ ಖಾಲಿ) ಅಂತ ಡಿಫಾಲ್ಟ್ ಸ್ಪಷ್ಟವಾಗಿ ಬರೆದು, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.